ಆರು ಮಿಲಿಮೀಟರ್

ಮೂರು, ಎರಡು, ಮೂರು –
ಡಾಕ್ಟರ್ ವಿಲ್ಮಾ ಹೇಳುತ್ತಾಳೆ, ಸಹಾಯಕ ಹುಡುಗ ಬರೆದುಕೊಳ್ಳುತ್ತಾನೆ.
ತುದಿ ಮೊಂಡಾದ, ಗೆರೆ ಗೆರೆಯ ಕಡ್ಡಿಯೊಂದು
ಹಲ್ಲಿಗೂ ಒಸಡಿಗೂ ನಡುವೆ ಇಳಿದು
ಆಳ ನೋಡಿಕೊಂಡು ಮೇಲೆ ಬರುತ್ತದೆ.
ಎರಡು, ಮೂರು, ಮೂರು.
ಕುರ್ಚಿಯ ಕೈಮೇಲೆ ಬೆರಳಲ್ಲೇ ತಾಳ ಹಾಕುತ್ತೇನೆ;
ಇಪ್ಪತ್ತಾರು ವರ್ಷ ಟ್ರಂಪೆಟ್ ಊದಿದವನು
ಎಣಿಕೆ ಕಿವಿಗೆ ಬಿದ್ದರೆ ಸುಮ್ಮನಿರಲಾರ.
ಐದು.
ತಾಳ ತಪ್ಪಿತು.
ಆರು.
ಹುಡುಗನ ಪೆನ್ನು ಗಳಿಗೆ ಹೊತ್ತು ನಿಂತಿತು.

ಇದು ಒರೂರೊ. ಉಸಿರನ್ನೂ ಲೆಕ್ಕವಿಟ್ಟು ಖರ್ಚು ಮಾಡುವ ಎತ್ತರ.
ಬೆಟ್ಟದ ಹೊಟ್ಟೆ ಬಗೆದು ಬದುಕಿದ ಊರು,
ತವರವೇ ನಮಗೆ ತವರು.
ಗಣಿಯಿಂದ ಬಂದ ಅಪ್ಪ ಎಂದೂ ಬಂಡೆಯ ಸುದ್ದಿ ಎತ್ತಲಿಲ್ಲ,
ಮಾತೆಲ್ಲ ಆಸರೆಮರದ್ದು:
‘ಕಲ್ಲು ಬೀಳುವ ಎಷ್ಟೋ ಮೊದಲು ಮರ ಕೊಳೆತಿರುತ್ತದೆ, ತಿಯೋಫಿಲೊ.
ಕೊಳೆಯುವಾಗ ಸದ್ದಾಗುವುದಿಲ್ಲ.’

‘ನೋವೇ ಇರಲಿಲ್ಲವಲ್ಲ’ ಎಂದೆ, ಬಾಯಲ್ಲಿ ಹತ್ತಿ ಇಟ್ಟುಕೊಂಡೇ.
‘ಅದೇ ಅದರ ಕಸುಬು’ ಎಂದಳು ವಿಲ್ಮಾ.
ಎಕ್ಸ್-ರೇ ಹಿಡಿದು ಬೆಳಕಿಗೆ ತೋರಿಸಿದಳು:
ಹುಳುಕಿಲ್ಲ, ಹಲ್ಲು ಕಲ್ಲಿನಂತಿದೆ.
ಸುತ್ತಲಿನ ಮೂಳೆ ಮಾತ್ರ
ಪೋಪೊ ಸರೋವರದ ದಂಡೆಯ ಹಾಗೆ ಹಿಂದೆ ಸರಿದಿದೆ;
ಬತ್ತಿದ ನೆಲದಲ್ಲಿ ವಾಲಿ ನಿಂತ ದೋಣಿಗಳು ನನ್ನ ಹಲ್ಲುಗಳು.
ಜೋಳ ಹುರಿದಿಟ್ಟಿದ್ದಾಳೆ ಹೆಂಡತಿ, ಹಲ್ಲೂ ಇದೆ,
ಹಲ್ಲು ನಿಂತ ನೆಲವೇ ನನ್ನದಲ್ಲ.

ಗೊತ್ತಿರಲಿಲ್ಲ ಅನ್ನಲಾರೆ.
ಬೆಳಗಿನ ಬ್ರೆಡ್ಡಿನ ಮೇಲೆ ಗುಲಾಬಿ ಗುರುತು ಕಂಡಿದ್ದೆ.
ರಕ್ತ ಬಂದ ಜಾಗಕ್ಕೆ ಬ್ರಶ್ ಮುಟ್ಟಿಸುವುದನ್ನೇ ಬಿಟ್ಟೆ,
ಅಳುವ ಮಗುವನ್ನು ಕೋಣೆಗೆ ಕೂಡಿ
ಮನೆ ಶಾಂತವಾಯಿತೆಂದ ಹಾಗೆ.
ಆಮೇಲೆ ರಕ್ತವೂ ಕಡಿಮೆಯಾಯಿತು. ಗೆದ್ದೆ ಅಂದುಕೊಂಡೆ.
‘ಸಿಗರೇಟು’ ಎಂದಳು, ‘ಸೇದುವವನ ಒಸಡು ಸುಳ್ಳುಸಾಕ್ಷಿ.’
ಮೇಲಿನ ಸ್ವರಕ್ಕೆ ಏರಿದಾಗ ಮುಂದಿನ ಹಲ್ಲು
ಕೂದಲೆಳೆಯಷ್ಟು ಹಿಂದೆ ಜರುಗುತ್ತಿತ್ತು,
ನಾನು ಹಿತ್ತಾಳೆಯನ್ನು ಬೈದು
ಎರಡು ಸಲ ಊದುಬಾಯಿ ಬದಲಿಸಿದ್ದೆ.

ನಾಲ್ಕು ಸರದಿ ಕೂರಿಸಿ, ಮರಗಟ್ಟಿಸಿ,
ಒಸಡಿನ ಕೆಳಗೆ ಗಾರೆಗಟ್ಟಿದ್ದನ್ನು ಕೆರೆದು ತೆಗೆದಳು.
ತಲೆಬುರುಡೆಯೊಳಗೇ ಯಾರೋ ಗಣಿಗಿಳಿದ ಸದ್ದು.
ಕೊನೆಗೆ ಕೈಯಲ್ಲೊಂದು ಕುಂಚದ ಮರಿ ಇಟ್ಟಳು,
ಹಲ್ಲು ಹಲ್ಲಿನ ಸಂದಿಗೆ, ದಿನಾ ರಾತ್ರಿ.
ನಗು ಬಂತು, ಮರಗಟ್ಟಿದ ತುಟಿಯಲ್ಲಿ ಅರ್ಧವೇ ಬಂತು:
ಇದರ ಅಣ್ಣನನ್ನೇ ವಾರವಾರ
ಟ್ರಂಪೆಟ್ಟಿನ ಕೊಳವೆಗೆ ಹಾಕಿ ಎಳೆದವನು ನಾನು.
ಇಪ್ಪತ್ತಾರು ವರ್ಷ. ಒಂದು ವಾರ ತಪ್ಪಿಸದೆ.
ಹಿತ್ತಾಳೆಗೆ ಅಷ್ಟು,
ಅದಕ್ಕೆ ಉಸಿರು ಕೊಟ್ಟ ಬಾಯಿಗೆ
ಬೆಳಿಗ್ಗೆ ಎದ್ದು ಎರಡು ಉಜ್ಜು.

ಈಗ ಬ್ರಶ್ ಓರೆ ಹಿಡಿಯುತ್ತೇನೆ, ಒಸಡಿನ ಅಂಚಿಗೆ,
ತಿಕ್ಕುವುದಿಲ್ಲ, ಮೆಲ್ಲಗೆ ಅಲುಗಿಸುತ್ತೇನೆ,
ನಿದ್ದೆಹೋದವರನ್ನು ಎಬ್ಬಿಸುವ ಹಾಗೆ.
ಸಿಗರೇಟು ಬಿಟ್ಟಿದ್ದೇನೆ, ಹೆಚ್ಚೂಕಮ್ಮಿ.
ಮೂರು ತಿಂಗಳಿಗೆ ಮತ್ತೆ ಅದೇ ಕಡ್ಡಿ, ಅದೇ ಹುಡುಗ.
ಆರು ನಾಲ್ಕಾಗಿದೆ. ಒಂದು ಐದು ಐದಾಗಿಯೇ ಕೂತಿದೆ.
‘ಹೋದ ಮೂಳೆ ಹೋಯಿತು, ಇರುವುದನ್ನು ಕಾಯಿ’ ಎಂದು
ಮುಂದಿನ ತಾರೀಕು ಬರೆದುಕೊಟ್ಟಳು.

ಕಾರ್ನಿವಾಲಿಗೆ ಇನ್ನು ಹನ್ನೊಂದು ದಿನ.
ತಾಲೀಮಿನ ಅಂಗಳದ ನಲ್ಲಿಯಲ್ಲಿ
ಎಲ್ಮರ್ ಬಾಯಿ ಮುಕ್ಕಳಿಸಿ ಉಗಿದ,
ಹತ್ತೊಂಬತ್ತರ ಹುಡುಗ, ನಮ್ಮೆಲ್ಲರಿಗಿಂತ ಎತ್ತರದ ಸ್ವರ ಅವನದು.
ಧೂಳಿನ ಮೇಲೆ ಗುಲಾಬಿ ನೊರೆ.
ಡೋಲಿನವನು ಎಣಿಸಲು ಶುರುಮಾಡಿದ್ದ.
‘ತಡಿ’ ಎಂದು ಕೈಯೆತ್ತಿದೆ,
ಹುಡುಗನ ಗಲ್ಲ ಹಿಡಿದು ಬಿಸಿಲಿಗೆ ತಿರುಗಿಸಿದೆ.
‘ನೋವೇನಿಲ್ಲ, ಮಾವ’ ಎಂದ ಅವನು.